ಬಿಸಿಲಿನಲ್ಲಿ ಕಾಣದ ಉರಿ

ನನ್ನ ಮೀಸೆಯ ಎಡಭಾಗ ಸುಟ್ಟದ್ದು ಗಾಜನೂರಿನ ಹಾದಿಯ ಆ ಹಿತ್ತಲಿನಲ್ಲೋ, ಅಥವಾ ಅದೇ ವರ್ಷದ ದೀಪಾವಳಿಯಲ್ಲಿ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯಂಗಳದಲ್ಲಿ ಹೂಕುಂಡ ಹಚ್ಚಲು ಬಗ್ಗಿದಾಗಲೋ ಎಂಬುದನ್ನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಸುಟ್ಟದ್ದು ಎಡಭಾಗವೇ ಎಂಬುದರಲ್ಲೂ ಈಚೆಗೆ ಅನುಮಾನ ಬಂದಿದೆ. ಆ ಮೀಸೆ ನನ್ನ ನೆನಪಿನಲ್ಲಿರುವುದು ಕನ್ನಡಿಯಲ್ಲಿ ನೋಡಿಕೊಂಡ ಹಾಗೆ, ಮತ್ತು ಕನ್ನಡಿಯೊಳಗಿನವನ ಎಡ ಎಂದರೆ ನನ್ನ ಬಲ. ನನ್ನ ಹೆಂಡತಿ ಲಲಿತಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಆ ವರ್ಷ ನಿಮಗೆ ಮೀಸೆನೇ ಇರ್ಲಿಲ್ಲ ಮಾರಾಯ್ರೆ" ಎನ್ನುತ್ತಾಳೆ. ಆಲ್ಬಮ್ ತೆಗೆದು ನೋಡಿದರೆ ಆ ವರ್ಷದ ಒಂದೇ ಒಂದು ಫೋಟೋದಲ್ಲಿ ನಾನು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದೇನೆ.

ಒಂದು ಮೀಸೆಯ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಮೀಸೆಯ ಚಿಂತೆ ನನಗಿಲ್ಲ. ಅದು ಬೆಳೆಯಿತು, ಈಗ ಬೆಳ್ಳಗೂ ಆಗಿದೆ. ಆದರೆ ಅದು ಸುಟ್ಟದ್ದು ಆ ಹಿತ್ತಲಿನಲ್ಲೇ ಆಗಿದ್ದರೆ ಅಲ್ಲಿ ಉರಿ ಇದ್ದದ್ದು ನಿಜ. ಉರಿ ಇದ್ದದ್ದು ನಿಜವಾದರೆ ನಾನು ಸರ್ಕಾರಿ ಕಾಗದದ ಮೇಲೆ ಬರೆದದ್ದು ಸುಳ್ಳು, ಮತ್ತು ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಮೇಸ್ತ್ರಿಯ ಕಸುಬು ಹೋಯಿತು. ನನ್ನ ಮೂಗಿನ ಕೆಳಗಿನ ನಾಲ್ಕು ಕೂದಲು ಹೀಗೆ ನನ್ನ ವಿರುದ್ಧವೇ ಸಾಕ್ಷಿ ಹೇಳಲು ನಿಂತಿರುವುದರಿಂದ ಅವುಗಳ ವಿಚಾರಣೆಯನ್ನು ನಾನು ಇಷ್ಟು ವರ್ಷ ಮುಂದೂಡುತ್ತಾ ಬಂದಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಣ್ಣಿಗೆ ಕಾಣದ ಯಾವುದನ್ನೂ ನಂಬಬಾರದು ಎಂಬ ಹುರುಪಿನಲ್ಲಿ ಶಿವಮೊಗ್ಗಕ್ಕೆ ಬಂದ ನನಗೆ ಹಳ್ಳಿಗಳ ಇಂಧನದ ಯೋಜನೆಗಳನ್ನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೆಲಸ ಏನೆಂದರೆ ಗೋಬರ್ ಗ್ಯಾಸ್ ಕಟ್ಟಿಸಿಕೊಂಡವರ ಮನೆಗೆ ಹೋಗುವುದು, ಒಲೆ ಉರಿಯುತ್ತದೆಯೇ ಎಂದು ನೋಡುವುದು, ನಮೂನೆ ತುಂಬುವುದು. ವಿಶ್ವದ ಹುಟ್ಟಿನ ಬಗ್ಗೆ ಯೋಚಿಸಲು ತಯಾರಾಗಿದ್ದ ತಲೆ ಸಗಣಿಯ ಗುಂಡಿಯ ಸುತ್ತ ಸುತ್ತತೊಡಗಿತು. ಆದರೂ ನಾನು ಅದನ್ನು ವಿಜ್ಞಾನದ ಗತ್ತಿನಲ್ಲೇ ಮಾಡಿದೆ. ಸುಮ್ಮನೆ ಒಲೆ ಹಚ್ಚಿ ತೋರಿಸಿದರೆ ನಾನು ಒಪ್ಪುತ್ತಿರಲಿಲ್ಲ. ಅದರ ಮೇಲೆ ಕಾಫಿ ಕಾಯಿಸಬೇಕು, ನಾನು ಕುಡಿಯಬೇಕು. ಪೈಪಿನಲ್ಲಿ ಉಳಿದ ಗ್ಯಾಸು ನಿಮಿಷದಲ್ಲಿ ಮುಗಿಯುತ್ತದೆ, ಕಾಫಿಗೆ ಬೇಕಾದಷ್ಟು ಹೊತ್ತು ಉರಿಯಬೇಕಾದರೆ ಗುಂಡಿಯಲ್ಲಿ ನಿಜವಾಗಿಯೂ ಗ್ಯಾಸು ಇರಬೇಕು ಎಂಬುದು ನನ್ನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಹೊಟ್ಟೆಗೆ ಮಾತ್ರ ಅದು ಒಗ್ಗಲಿಲ್ಲ. ದಿನಕ್ಕೆ ಎಂಟು ಮನೆ, ಎಂಟು ಲೋಟ. ಕೆಲವು ಜಾಣರು ಒಳಗೆ ಸೌದೆ ಒಲೆಯಲ್ಲಿ ಕಾಯಿಸಿ ತಂದು ಗ್ಯಾಸಿನದೆಂದು ಕೊಡುತ್ತಾರೆಂದು ಗೊತ್ತಾದ ಮೇಲೆ ಕಾಫಿಯಲ್ಲಿ ಹೊಗೆಯ ವಾಸನೆ ಹಿಡಿಯುವುದನ್ನೂ ಕಲಿತೆ. ತಾಲ್ಲೂಕಿನಲ್ಲಿ ನನ್ನ ಹೆಸರು ಮರೆತುಹೋಗಿ ನಾನು 'ಕಾಫಿ ಸಾರ್' ಆದೆ.

ಈ ಗುಂಡಿಗಳ ಮೇಲೆ ಇಟ್ಟಿಗೆಯ ಗುಮ್ಮಟ ಕಟ್ಟುವವರು ಬೆರಳೆಣಿಕೆಯ ಮೇಸ್ತ್ರಿಗಳು. ಕೆಳಗೆ ಯಾವ ಆಸರೆಯೂ ಇಲ್ಲದೆ, ಒಂದೊಂದು ಇಟ್ಟಿಗೆಯನ್ನೂ ಪಕ್ಕದ ಇಟ್ಟಿಗೆಯ ಭರವಸೆಯ ಮೇಲೆ ನಿಲ್ಲಿಸುತ್ತಾ, ಸುತ್ತು ಸುತ್ತಾಗಿ ಮೇಲೇರಿ ಕೊನೆಗೆ ತಲೆಯ ಮೇಲೆ ಮುಚ್ಚಬೇಕು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗ್ಯಾಸು ನಿಲ್ಲುವುದಿಲ್ಲ. ನಮ್ಮ ಕಚೇರಿಯ ಪಟ್ಟಿಯಲ್ಲಿ ಹೆಸರಿದ್ದ ಮೇಸ್ತ್ರಿಗಳಿಗೆ ಮಾತ್ರ ಈ ಕೆಲಸ. ಪಟ್ಟಿಯಿಂದ ಹೆಸರು ಹೋದರೆ ಕೆಲಸವೂ ಹೋಯಿತು. ಆ ಪಟ್ಟಿಯ ಮೊದಲ ಹೆಸರು ಭದ್ರಾವತಿಯ ಪೆರುಮಾಳ್ ಅವರದು. ಸಣಕಲು ದೇಹ, ಹೆಗಲ ಮೇಲೆ ಟವೆಲ್ಲು, ಕರಣೆ ಹಿಡಿದಾಗ ಮಾತ್ರ ಗಂಭೀರವಾಗುವ ಮುಖ.

ಗಾಜನೂರಿನ ಹಾದಿಯ ಆ ಮನೆಯಲ್ಲಿ ಗುಮ್ಮಟ ಕಟ್ಟಿದವರು ಅವರೇ. ನಾನು ಮೊಪೆಡ್ಡಿನಲ್ಲಿ ಅಲ್ಲಿಗೆ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಪೆರುಮಾಳ್ ಮೊದಲೇ ಬಂದು ಕಾದಿದ್ದರು. ಮನೆಯ ಯಜಮಾನಿ ಗೌರಮ್ಮ ಎಂಬ ಹಿರಿಯರು ಬಾಗಿಲಲ್ಲಿ ನಿಂತಿದ್ದರು.

"ಒಲೆ ಎಲ್ಲಮ್ಮ?" ಎಂದೆ.

"ಹಿತ್ತಲಲ್ಲಿ."

"ಅಡುಗೆಮನೆಯಲ್ಲಿ ಇರಬೇಕಿತ್ತಲ್ಲ?"

"ಅಯ್ಯೋ, ಸಗಣಿ ಗಾಳೀಲಿ ದೇವರ ನೈವೇದ್ಯಕ್ಕೆ ಬೇಯ್ಸಕ್ಕಾಗ್ತದಾ?"

"ಸಗಣೀಲೇ ಅಡುಗೆಮನೆ ಸಾರಿಸ್ತೀರಲ್ಲಮ್ಮ?"

"ಅದು ನೆಲಕ್ಕೆ. ಇದು ಬಾಯಿಗೆ. ಇಷ್ಟು ಓದಿದೋರಿಗೆ ಅಷ್ಟೂ ಗೊತ್ತಾಗಲ್ವಾ?"

ಪೆರುಮಾಳ್ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು. "ನಾನು ಪೈಪು ಒಳಗಡೆ ತನಕ ಎಳ್ದಿದ್ದೆ ಸಾರ್. ಅಮ್ಮ ವಾಪಸ್ ಹೊರಗಡೆ ಎಳೆಸಿದ್ರು. ಮಗ ಗ್ಯಾಸ್ ಬೇಕು ಅಂತಾನೆ, ಅಮ್ಮ ಬೇಡ ಅಂತಾರೆ. ನಡುವೆ ಪೈಪು ನಂದು."

ಹಾಗಾಗಿ ಒಲೆ ಹಿತ್ತಲಿನ ಒಂದು ಚಪ್ಪಡಿ ಕಲ್ಲಿನ ಮೇಲೆ, ನಡು ಬಿಸಿಲಿನಲ್ಲಿ, ತಲೆಗೊಂದು ಸೂರೂ ಇಲ್ಲದೆ ಕುಳಿತಿತ್ತು. ಅದರ ಮೇಲೆ ಬೇಯುತ್ತಿದ್ದದ್ದು ಹಸುವಿನ ಹುರುಳಿ ಮಾತ್ರ. ಹಸು ಕೊಟ್ಟದ್ದು ಹಸುವಿಗೇ ಹೋಗಲಿ ಎಂಬ ಈ ಏರ್ಪಾಡಿನಲ್ಲಿ ಒಂದು ನ್ಯಾಯವಿದೆ ಎಂದು ಈಗ ಅನ್ನಿಸುತ್ತದೆ. ಆ ದಿನದ ಹುರುಳಿ ಬೆಳಿಗ್ಗೆಯೇ ಬೆಂದಿತ್ತು. ಕಾಫಿಗೆ ಪಾತ್ರೆ ಕೊಡಿ ಎಂದರೆ, ಆ ಒಲೆಯ ಮೇಲೆ ಇಟ್ಟ ಪಾತ್ರೆಯನ್ನು ಮತ್ತೆ ಒಳಗೆ ಸೇರಿಸುವ ಹಾಗಿಲ್ಲವೆಂದು ಗೌರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು. ಹೇಳಿದವರು ಒಳಗೆ ಹೋಗಿ ಸೌದೆ ಒಲೆಯ ಕಾಫಿಯನ್ನೇ ತಂದು ಪ್ರೀತಿಯಿಂದ ಕೈಗಿತ್ತರು. ಕುಡಿದೆ. ಹೊಗೆಯ ವಾಸನೆ ಘಮ್ಮೆಂದಿತು, ಮತ್ತು ನನ್ನೊಳಗಿನ ಅನುಮಾನ ಎಚ್ಚರವಾಯಿತು.

ಪೆರುಮಾಳ್ ತಿರುಪು ತಿರುಗಿಸಿ ಕಡ್ಡಿ ಗೀರಿದರು.

"ಹತ್ತಿತು ಸಾರ್."

"ಎಲ್ಲಿ?"

"ಇಲ್ಲೇ, ಉರೀತಾ ಇದೆಯಲ್ಲ."

"ನನಗೇನೂ ಕಾಣ್ತಿಲ್ಲ ಮೇಸ್ತ್ರಿ."

"ಬಿಸಿಲಿಗೆ ಕಾಣಲ್ಲ ಸಾರ್. ಬೇಕಾದ್ರೆ ಕೈ ಹಿಡಿದು ನೋಡಿ."

ಆಗ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದನ್ನು ಬಹಳ ಚತುರವಾದ ಮಾತೆಂದು ತಿಳಿದು ಮುಂದೆ ಎಷ್ಟೋ ಜನರಿಗೆ ಹೇಳಿಕೊಂಡು ನಕ್ಕಿದ್ದೇನೆ. "ಉರಿ ಕಂಡುಬಂದಿದೆಯೇ ಅಂತ ನಮೂನೇಲಿ ಕೇಳಿದ್ದಾರೆ ಮೇಸ್ತ್ರಿ, ಕೈ ಸುಟ್ಟಿದೆಯೇ ಅಂತ ಕೇಳಿಲ್ಲ."

ಇಲ್ಲಿಂದ ಮುಂದೆ ನನ್ನ ನೆನಪು ಎರಡು ದಾರಿಯಾಗುತ್ತದೆ. ಒಂದು ದಾರಿಯಲ್ಲಿ ನಾನು ಒಲೆಯ ಮೇಲೆ ಬಗ್ಗುತ್ತೇನೆ, ಚುರ್ರೆನ್ನುತ್ತದೆ, ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ, ಅವಮಾನದಿಂದ ಕೆಂಪಾದ ನಾನು ಸಿಟ್ಟಿನಲ್ಲಿ ನಮೂನೆ ತುಂಬುತ್ತೇನೆ. ಇನ್ನೊಂದು ದಾರಿಯಲ್ಲಿ ಬಗ್ಗುವುದೇ ಇಲ್ಲ. ನಿಂತಲ್ಲಿಂದಲೇ ನೋಡಿ, ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಮೊದಲನೆಯದರಲ್ಲಿ ನಾನು ನೀಚ, ಎರಡನೆಯದರಲ್ಲಿ ದಡ್ಡ. ಇವೆರಡರಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳುವ ಅವಕಾಶ ನಿಮಗೆ ಸಿಕ್ಕಿದ್ದರೆ ನೀವೂ ದಡ್ಡತನದ ಕಡೆಗೇ ವಾಲುತ್ತಿದ್ದಿರಿ. ಭೌತಶಾಸ್ತ್ರದ ಪದವೀಧರನಿಗೆ ಮಾತ್ರ ಆ ಅನುಕೂಲವೂ ಇಲ್ಲ. ನೀಲಿ ಉರಿ ಬಿಸಿಲಿನಲ್ಲಿ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿತ್ತು ಕೂಡ. ಕೇಳಿದ್ದು ಪರೀಕ್ಷೆಯಲ್ಲಲ್ಲ, ಹಿತ್ತಲಿನಲ್ಲಿ, ಅದಕ್ಕೇ ಹೊಳೆಯಲಿಲ್ಲ.

ಯಾವ ದಾರಿಯಲ್ಲಿ ಹೋದರೂ ಕೊನೆಗೆ ಸಿಗುವುದು ಅವೇ ಎರಡು ಪದ: 'ಉರಿ ಕಂಡುಬಂದಿಲ್ಲ.'

ಕೆಲವು ತಿಂಗಳ ಮೇಲೆ ಮೇಸ್ತ್ರಿಗಳ ಪಟ್ಟಿ ಹೊಸದಾಗಿ ಟೈಪಾಗಿ ಬಂದಾಗ ಅದರಲ್ಲಿ ಪೆರುಮಾಳ್ ಹೆಸರಿರಲಿಲ್ಲ. ನೋಡಿದೆ, ಏನೋ ಚುಚ್ಚಿದಂತಾಯಿತು, ಮಧ್ಯಾಹ್ನದ ಊಟದ ಹೊತ್ತಾಗಿತ್ತು.

ಒಂದೆಡೆ ಕೂತು ಅಭ್ಯಾಸವಿಲ್ಲದ ಪ್ರಾಣಿ ನಾನು. ಆರೇಳು ವರ್ಷಗಳಲ್ಲಿ ಕಾಫಿಯೂ ಸಾಕಾಗಿ ನಮೂನೆಯೂ ಸಾಕಾಗಿ ರಾಜೀನಾಮೆ ಕೊಟ್ಟು, ಬಿಸಿಲಿನಿಂದ ನೀರು ಕಾಯಿಸುವ ಯಂತ್ರಗಳನ್ನು ಮಾರುವ ಒಂದು ಖಾಸಗಿ ಕಂಪನಿ ಸೇರಿದೆ. "ಅಳಿಯ ಸರ್ಕಾರಿ ಕೆಲಸ ಬಿಟ್ಟು ಬಿಸಿಲು ಮಾರ್ತಾನೆ" ಎಂದು ಮಾವ ಬಂಧುಗಳಲ್ಲಿ ಹೇಳಿಕೊಂಡು ಕೊರಗಿದರು. ಸರ್ಕಾರದಲ್ಲಿದ್ದಾಗ ಉರಿ ಇದೆ ಎನ್ನುವವರನ್ನು ನಂಬದೆ ಇರುವುದು ನನ್ನ ಕೆಲಸವಾಗಿತ್ತು. ಈಗ ಉರಿಯೇ ಇಲ್ಲದೆ ನೀರು ಕಾಯುತ್ತದೆ ಎಂದು ಜನರನ್ನು ನಂಬಿಸುವುದು ಕೆಲಸವಾಯಿತು. ನಂಬದವರಿಂದ ಆಗುವ ಕಷ್ಟ ಏನೆಂದು ಗೊತ್ತಾದದ್ದು ಆಗಲೇ. ಗೋಪಾಳದಲ್ಲೇ ನಮ್ಮ ಬೀದಿಯ ಒಬ್ಬ ಹಿರಿಯರು ಯಂತ್ರ ಹಾಕಿಸಿಕೊಂಡು, ತಾರಸಿಯಿಂದ ಹಬೆಯಾಡುತ್ತಾ ಇಳಿದು ಬಂದ ನೀರನ್ನು ಬಚ್ಚಲ ಹಂಡೆಗೆ ತುಂಬಿ, ಕೆಳಗೆ ಸೌದೆ ಒಟ್ಟಿ ಮತ್ತೊಮ್ಮೆ ಕಾಯಿಸಿ ಸ್ನಾನ ಮಾಡುತ್ತಿದ್ದರು. ಬೆಂಕಿ ಕಾಣದ ನೀರು ಮೈಗೆ ಶೀತ ಎಂಬುದು ಅವರ ವಾದ. "ಕೈ ಇಟ್ಟು ನೋಡಿ ಸಾರ್, ಸುಡುತ್ತೆ" ಎಂದು ನಾನು ಗೋಗರೆದೆ. ಅವರು ಕೈ ಇಟ್ಟರು, ಚುರ್ರೆಂದಿತು, ಕೈ ಕೊಡವಿಕೊಂಡು, "ಸುಡುತ್ತೆ, ಆದ್ರೆ ಬಿಸಿ ಇಲ್ಲ" ಎಂದರು. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿ, ನೆನಪಾಗಿ, ಮೆಟ್ಟಿಲಿಳಿದು ಬಂದೆ.

ಅಂದಿನಿಂದ ಪೆರುಮಾಳ್ ನನ್ನನ್ನು ಬಿಡಲಿಲ್ಲ. ಆ ಮನುಷ್ಯ ಏನು ಮಾಡಿಕೊಂಡಿರಬಹುದು? ನನ್ನ ಎರಡು ಪದ ಅವರ ಮನೆಯಲ್ಲಿ ಏನೇನು ಮಾಡಿರಬಹುದು? ಭದ್ರಾವತಿಯ ಕಡೆ ಕೆಲಸ ಬಿದ್ದಾಗಲೆಲ್ಲ ಹಳೇ ಸೇತುವೆಯ ಆಚೆ ಅವರ ಮನೆಯಿದ್ದ ಓಲ್ಡ್ ಟೌನಿಗೆ ತಿರುಗದೆ ನೇರ ಹೋಗಿಬಿಡುತ್ತಿದ್ದೆ. ಆದರೆ ಒಂದು ವರ್ಷ ಕಂಪನಿಗೆ ಅಲ್ಲಿನದೇ ಒಂದು ಕಲ್ಯಾಣ ಮಂಟಪದಿಂದ ಕೆಲಸ ಬಂತು. ಮದುವೆ ಊಟದಲ್ಲಿ ಎಲೆಯಲ್ಲಿ ಉಳಿದದ್ದರಿಂದ ಗ್ಯಾಸು ಮಾಡಿ ಅಡುಗೆಮನೆಗೆ ಕೊಡಬೇಕು, ಅದಕ್ಕೆ ದೊಡ್ಡ ಗುಮ್ಮಟ ಕಟ್ಟಬೇಕು. ನಕ್ಷೆ ಬೆಂಗಳೂರಿನಿಂದ ಬಂತು, ಕಟ್ಟುವವರು ಎಲ್ಲಿಂದಲೂ ಬರಲಿಲ್ಲ. ಯಾರನ್ನು ಕೇಳಿದರೂ ಒಂದೇ ಹೆಸರು.

ಬಾಗಿಲು ತೆರೆದ ಪೆರುಮಾಳ್ ನನ್ನನ್ನು ನೋಡಿ ಎರಡು ಕ್ಷಣ ಕಣ್ಣು ಕಿರಿದು ಮಾಡಿದರು.

"ಸರೋಜಾ, ಯಾರು ಬಂದಿದಾರೆ ನೋಡು! ಕಾಫಿ ಸಾರ್!"

ಒಳಗಿನಿಂದ ಅವರ ಹೆಂಡತಿ ಸರೋಜಮ್ಮ ಬಂದರು. "ಇವರೇನಾ? ನೀವು ಹೇಳಿದ್ದು ಕೇಳಿ ನಾನು ಇನ್ನೂ ದಪ್ಪ ಅಂದ್ಕೊಂಡಿದ್ದೆ. ಕೂತ್ಕೊಳ್ಳಿ ಸಾರ್. ಟೀ ಮಾಡ್ತೀನಿ, ಕಾಫಿ ನಿಮಗೆ ಬೇಜಾರಾಗಿರತ್ತೆ."

ಬಂದ ಕೆಲಸ ಹೇಳುವ ಮೊದಲು ನಾನು ವರ್ಷಗಳಿಂದ ಕಟ್ಟಿಟ್ಟುಕೊಂಡಿದ್ದ ತಪ್ಪೊಪ್ಪಿಗೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಹಿತ್ತಲು, ಬಿಸಿಲು, ನಮೂನೆ, ಪಟ್ಟಿ, ಎಲ್ಲ. ಪೆರುಮಾಳ್ ತಲೆ ಕೆರೆದುಕೊಂಡರು.

"ಯಾವ ಮನೆ ಸಾರ್ ಅದು? ನನಗೆ ನೆನಪೇ ಇಲ್ಲ. ಪಟ್ಟಿ ನಾನೇ ಬಿಟ್ಟಿದ್ದು. ಇಲ್ಲೇ ಕಬ್ಬಿಣದ ಕಾರ್ಖಾನೇಲಿ ಕುಲುಮೆ ಒಳಗೆ ಇಟ್ಟಿಗೆ ಕಟ್ಟೋ ಕೆಲಸ ಸಿಕ್ತು. ಅಲ್ಲೂ ಗುಮ್ಮಟನೇ, ಆದ್ರೆ ಸಗಣಿ ಇಲ್ಲ."

"ಹೆಸರು ತೆಗೆದಾಗ ಕಚೇರಿಗೆ ಬಂದು ಕೇಳಲಿಲ್ಲವೇ?"

"ಯಾಕೆ ಬರೋಣ? ಶಿವಮೊಗ್ಗಕ್ಕೆ ಬಸ್ಸಲ್ಲಿ ನಿಂತ್ಕೊಂಡು ಹೋಗಿ ಬಯ್ಸ್ಕೊಂಡು ಬರಕ್ಕಾ?"

ಸರೋಜಮ್ಮ ಟೀ ಲೋಟ ಕೊಡುತ್ತಾ ನಕ್ಕರು. "ನಿಮ್ಮ ಎರಡು ಮಾತಿಗೆ ಇವರ ಕಸುಬು ಹೋಗೋದಾಗಿದ್ರೆ ಸಾರ್, ನಾನು ದಿನಾ ಆಡೋ ಮಾತಿಗೆ ಇವರು ಯಾವತ್ತೋ ಕಾಶಿಗೆ ಹೋಗ್ಬೇಕಿತ್ತು."

ಓದುಗರೇ, ಎದೆಯ ಭಾರ ಇಳಿಯಿತು. ಇಳಿದ ಜಾಗದಲ್ಲಿ ಸಣ್ಣದೊಂದು ನಿರಾಶೆಯೂ ಕೂತಿತು ಎಂದರೆ ನಗಬೇಡಿ. ಒಬ್ಬ ಮನುಷ್ಯನ ಬಾಳನ್ನೇ ಹಾಳುಮಾಡಿದೆ ಎಂದು ಇಷ್ಟು ವರ್ಷ ಕೊರಗಿದವನಿಗೆ, ಆ ಮನುಷ್ಯನ ಲೆಕ್ಕದಲ್ಲಿ ತಾನು ಬರಿಯ ಕಾಫಿ ಕುಡಿಯುವವನೆಂದು ತಿಳಿದರೆ ಆಗುವ ನಿರಾಶೆ ಅದು. ಪಶ್ಚಾತ್ತಾಪದಲ್ಲೂ ಒಂದು ಜಂಬ ಇರುತ್ತದೆ. ನನ್ನದು ಚೆನ್ನಾಗಿ ಮೇದು ಕೊಬ್ಬಿತ್ತು. ಅಂದು ಟೀ ಕುಡಿದು, ಚಕ್ಕುಲಿ ತಿಂದು, ಹಾಡು ಗುನುಗುತ್ತಾ ಶಿವಮೊಗ್ಗಕ್ಕೆ ಮರಳಿದೆ.

ಪೆರುಮಾಳ್ ಗುಮ್ಮಟ ಕಟ್ಟಿಕೊಟ್ಟರು. ಮೊದಲ ಸಲ ಉರಿ ಹಚ್ಚುವ ದಿನ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಅವರು ನಡೆದುಕೊಂಡ ರೀತಿ ಎಲ್ಲರಿಗೂ ವಿಚಿತ್ರವೆನಿಸಿತು. ಹಾಡಹಗಲಿನಲ್ಲಿ ಕಿಟಕಿಗಳನ್ನು ಮುಚ್ಚಿಸಿದರು. ಗಾಜಿನ ಕಿಟಕಿಗೆ ಒಳಗಿನಿಂದ ಜಮಖಾನ ತರಿಸಿ ಹೊದಿಸಿದರು. "ಮೇಸ್ತ್ರೀ, ಇಲ್ಲೇನು ಸಿನಿಮಾ ತೋರಿಸ್ತೀರಾ?" ಎಂದು ಅಡುಗೆ ಭಟ್ಟರು ರೇಗಿದರು. ಬಾಗಿಲೂ ಮುಚ್ಚಿದ ಮೇಲೆ ಪೆರುಮಾಳ್ ಕಡ್ಡಿ ಗೀರಿದರು. ಕತ್ತಲೆಯಲ್ಲಿ ನೀಲಿಯ ದೊಡ್ಡ ಹೂವೊಂದು ಅರಳಿ ನಿಂತಿತು. ಎಲ್ಲರೂ ಅದನ್ನು ನೋಡಿದರು; ಪೆರುಮಾಳ್ ಮಾತ್ರ ಅದರ ಬೆಳಕಿನಲ್ಲಿ ನನ್ನ ಮುಖವನ್ನು ನೋಡುತ್ತಿದ್ದರು. "ಕಾಣ್ತಾ ಸಾರ್?" ಎಂದರು. "ಕಾಣ್ತು" ಎಂದೆ. ತಮ್ಮ ಕೆಲಸವನ್ನು ಚೆಂದವಾಗಿ ತೋರಿಸುವ ಕಲೆಗಾರನ ಹಮ್ಮು ಎಂದುಕೊಂಡು ಮೆಚ್ಚಿದೆ.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಸೊಗಸಾದ ಕಥೆ. ಆದರೆ ಸಂಶಯದ ಸ್ವಭಾವಕ್ಕೆ ಕೆಟ್ಟ ಸುದ್ದಿಯಷ್ಟೇ ಒಳ್ಳೆಯ ಸುದ್ದಿಯೂ ಜೀರ್ಣವಾಗುವುದಿಲ್ಲ. ಪಟ್ಟಿಯನ್ನು ಅವರೇ ಬಿಟ್ಟದ್ದಾದರೆ ಬಿಟ್ಟೆನೆಂದು ಒಂದು ಕಾಗದವಾದರೂ ಇರಬೇಕಲ್ಲ? ನನ್ನ ಹಳೆಯ ಕಚೇರಿಯಲ್ಲಿ ಕೇಶವ ಎಂಬ ಗೆಳೆಯ ಇನ್ನೂ ಇದ್ದ. "ನಿನಗೆ ಬೇರೆ ಕೆಲಸ ಇಲ್ವೇನೋ ಮಾರಾಯ, ಇದರೊಳಗೆ ಹೊಕ್ಕರೆ ಮೂರು ದಿನ ಸೀನ್ತೀಯ" ಎನ್ನುತ್ತಲೇ ಹಳೆಯ ಕಡತಗಳ ಕೋಣೆ ತೆರೆದ. ಅವನು ಹೇಳಿದಂತೆ ಸೀನುತ್ತಲೇ ಹುಡುಕಿದೆ, ಸಿಕ್ಕಿತು. ನನ್ನ ನಮೂನೆ ಇತ್ತು, ಅದರಲ್ಲಿ ನನ್ನ ಎರಡು ಪದ. ಅದರ ಹಿಂದೆ ಹೆಸರನ್ನು ತೆಗೆದುಹಾಕುವ ಆದೇಶ, ಅದಕ್ಕೆ ಕಾರಣವಾಗಿ ನನ್ನದೇ ವರದಿಯ ಉಲ್ಲೇಖ. ಇವೆರಡರ ನಡುವೆ ಗೆರೆ ಹಾಕಿದ ನೋಟ್‌ಬುಕ್ಕಿನ ಒಂದು ಹಾಳೆ. ಮುತ್ತು ಪೋಣಿಸಿದಂಥ ದುಂಡನೆಯ ಅಕ್ಷರ, ಕೆಳಗೆ ಪೆರುಮಾಳ್ ಅವರ ಅಂಕುಡೊಂಕು ಸಹಿ.

'ಗ್ಯಾಸಿನ ಉರಿ ಬಿಸಿಲಿಗೆ ಕಾಣಿಸುವುದಿಲ್ಲ. ದಯಮಾಡಿ ಸಾಹೇಬರು ಇನ್ನೊಂದು ಸಲ ಬಂದು, ಒಲೆಯನ್ನು ಒಳಗೆ ಇರಿಸಿ, ಬಾಗಿಲು ಕಿಟಕಿ ಮುಚ್ಚಿ ಕತ್ತಲೆ ಮಾಡಿ ನೋಡಬೇಕಾಗಿ ಪ್ರಾರ್ಥನೆ. ಮನೆಯ ಅಮ್ಮನವರನ್ನು ನಾನು ಒಪ್ಪಿಸಿರುತ್ತೇನೆ.'

ಗೌರಮ್ಮನವರನ್ನು ಒಪ್ಪಿಸಿದ್ದರಂತೆ! ಅದೆಷ್ಟು ಸಲ ಅಲ್ಲಿಗೆ ಹೋಗಿ, ಏನೇನು ಹೇಳಿ, ಯಾವ ದೇವರ ಆಣೆ ಹಾಕಿ ಆ ತಾಯಿಯ ಮನಸ್ಸು ಕರಗಿಸಿದರೋ. ಹಾಳೆಯ ಅಂಚಿನಲ್ಲಿ ಬೇರೆಯದೇ ಕೈಯಲ್ಲಿ, ನೀಲಿ ಶಾಯಿಯಲ್ಲಿ, 'ಕಡತಕ್ಕೆ' ಎಂದು ಬರೆದಿತ್ತು. ಓದಬೇಕಾಗಿಲ್ಲ, ಉತ್ತರಿಸಬೇಕಾಗಿಲ್ಲ, ಕಟ್ಟಿಡಿ ಎಂದು ಅದರ ಅರ್ಥ.

ಕೇಶವನಿಂದ ನಕಲು ಮಾಡಿಸಿಕೊಂಡು ಮನೆಗೆ ತಂದು, ಬೇರೇನೂ ಹೇಳದೆ ಲಲಿತಾಳಿಗೆ ಆ ಒಂದು ಪದವನ್ನಷ್ಟೇ ತೋರಿಸಿದೆ. "ಇದು ಯಾರ ಅಕ್ಷರ?"

ಅವಳು ತಲೆ ಎತ್ತಲೂ ಇಲ್ಲ. "ನಿಮ್ದೇ. ಕೋಳಿ ಕೆದಕಿದ ಹಾಗೆ 'ಕ' ಬರೆಯೋರು ಈ ಊರಲ್ಲಿ ಇನ್ಯಾರಿದಾರೆ?"

ಮಾರನೆಯ ದಿನ ಓಲ್ಡ್ ಟೌನಿಗೆ ಹೋಗಿ ನಕಲನ್ನು ಪೆರುಮಾಳ್ ಕೈಗೆ ಕೊಟ್ಟೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಹೆಂಡತಿಯ ಕಡೆ ಚಾಚಿದರು.

"ಅಯ್ಯೋ, ಆವಾಗ ನನ್ನ ಅಕ್ಷರ ಎಷ್ಟು ದುಂಡಗಿತ್ತು!" ಎಂದರು ಸರೋಜಮ್ಮ.

"ಇದನ್ನ ಯಾಕೆ ಹುಡುಕಕ್ಕೆ ಹೋದ್ರಿ ಸಾರ್?" ಪೆರುಮಾಳ್ ಮುಖ ಸಣ್ಣದಾಯಿತು. "ಚೆನ್ನಾಗಿ ಮುಗ್ದಿತ್ತಲ್ಲ."

"ಕುಲುಮೆ ಕೆಲಸ ಸಿಕ್ಕಿದ್ದು ಯಾವಾಗ ಮೇಸ್ತ್ರಿ?"

 ಸರೋಜಮ್ಮ ಹಾಳೆಯನ್ನು ಮಡಿಸುತ್ತಾ, "ಅದು ಆಮೇಲೆ, ಬಿಡಿ" ಎಂದರು. ಮಡಿಸಿದ್ದನ್ನು ನನ್ನ ಕೈಗೆ ಕೊಡುತ್ತಾ, "ಎಂಟು ತಿಂಗಳ ಆಮೇಲೆ" ಎಂದರು.

"ಅಂಚಲ್ಲಿರೋದು ನಿಮ್ಮ ಅಕ್ಷರನಾ ಸಾರ್?" ಪೆರುಮಾಳ್ ಕೇಳಿದರು.

"ನನ್ನದೇ."

"ಓದಿದ್ರಾ, ಆವಾಗ?"

"ಗೊತ್ತಿಲ್ಲ ಮೇಸ್ತ್ರಿ. ನೆನಪಿಲ್ಲ."

"ಓದಿ ಫೈಲಿಗೆ ಹಾಕಿದ್ರೆ ಒಂದು ತರ. ಓದ್ದೇ ಹಾಕಿದ್ರೆ ಇನ್ನೊಂದು ತರ. ಯಾವ್ದು ಅಂತ ಗೊತ್ತಾದ್ರೆ ಹೇಳಿ ಸಾರ್. ಬಯ್ಯಲ್ಲ, ಸುಮ್ನೆ ತಿಳ್ಕೊಳ್ಳೋಣ ಅಂತ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವತ್ತು ಇವರಿಗೆ ಊಟಾನೇ ಹಾಕು" ಎಂದರು.

ಇವತ್ತಿಗೂ ನಾನು ಅವರಿಗೆ ಉತ್ತರ ಹೇಳಿಲ್ಲ. ನೆನಪನ್ನು ಕೇಳಿದರೆ ಅದು ನನಗೆ ಬೇಕಾದದ್ದನ್ನು ತಂದಿಡುತ್ತದೆ: ಅಂದು ಮೇಜಿನ ಮೇಲೆ ಕಾಗದದ ರಾಶಿ ಇತ್ತು, ಕರೆಂಟು ಹೋಗಿತ್ತು, ಜ್ವರವೂ ಇದ್ದಿರಬೇಕು. ಈ ಕರೆಂಟು, ಈ ಜ್ವರ ನಾನು ಕೇಳಿದ ಮೇಲೆ ಹುಟ್ಟಿಕೊಂಡವೆಂದೇ ನನ್ನ ಗುಮಾನಿ. ಹಾಗಾಗಿ ಮತ್ತೊಮ್ಮೆ ಕೇಶವನನ್ನು ಕಾಡಿ, ಆ ವರ್ಷದ ಟಪಾಲು ಪುಸ್ತಕವನ್ನೂ ಆದೇಶಗಳ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೇ ಒಂದು ಸಂಗತಿಯನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ. ಸರೋಜಮ್ಮನವರ ಕೈಬರಹದ ಆ ಅರ್ಜಿ ನನ್ನ ಮೇಜಿಗೆ ಬಂದದ್ದು ಪೆರುಮಾಳ್ ಹೆಸರನ್ನು ಹೊಡೆದುಹಾಕುವುದಕ್ಕೆ ಒಂಬತ್ತು ದಿನ ಮೊದಲು. ನಡುವೆ ರಜೆಯೆಂದು ಇದ್ದದ್ದು ಒಂದೇ ಒಂದು ಭಾನುವಾರ.